ಕಕ್ಕಡದ ಮಳೆಯಲ್ಲಿ ಲೈಬ್ರರಿಯ ಅಡುಗೆ ಪುಸ್ತಕ

ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ಮಳೆಯ ತಿಂಗಳಿಗೆ ಕೊಡಗಿನಲ್ಲಿ ಕಕ್ಕಡ ಅನ್ನುತ್ತೇವೆ. ಇಲ್ಲಿ ಜುಲೈ ತಿಂಗಳ ರಜೆಯನ್ನು ಮಳೆಯೇ ಕೊಡುವುದು. ರಾತ್ರಿ ಬ್ಯಾಗ್ ಜೋಡಿಸಿಟ್ಟು ಮಲಗಿದ ಮಕ್ಕಳು ಬೆಳಗ್ಗೆ ಏಳುವಷ್ಟರಲ್ಲಿ, ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟಿದ್ದಾರೆ ಅಂತ ವಾಟ್ಸಾಪ್‌ನಲ್ಲಿ ಬಂದಿರುತ್ತದೆ. ಆಮೇಲೆ ದಿನವಿಡೀ ಮನೆಯೊಳಗೆ. ಕರೆಂಟ್ ಇಲ್ಲ, ಮೊಬೈಲ್ ಚಾರ್ಜ್ ಖಾಲಿ, ಮಧ್ಯಾಹ್ನದ ಹೊತ್ತಿಗೆ ಅಣ್ಣ ತಂಗಿ ಹೊಡೆದಾಟ ಶುರು.

ನಮ್ಮೂರು ನಾಪೋಕ್ಲು ಕಡೆ. ಪಂಚಾಯಿತಿ ಲೈಬ್ರರಿ ಸಣ್ಣದು, ಆದರೆ ಚೆನ್ನಾಗಿ ಇಟ್ಟುಕೊಂಡಿದ್ದಾರೆ. 2020ರಲ್ಲಿ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಹಾಗಾಗಿ ಕಾರ್ಡ್ ಎಲ್ಲರ ಹತ್ತಿರವೂ ಇದೆ. ಪುಸ್ತಕ ಮಾತ್ರ ಕಪಾಟು ಬಿಟ್ಟು ಕದಲುವುದಿಲ್ಲ. ಲೈಬ್ರರಿ ಮೇಡಂ ಒಂದು ದಿನ ಕೇಳಿಯೇಬಿಟ್ಟರು, “ಅಕ್ಕ, ಭಾನುವಾರ ಭಾನುವಾರ ಮಕ್ಕಳನ್ನು ಸೇರಿಸಿ ಏನಾದ್ರೂ ಮಾಡುವನಾ? ಊಟ ತಿಂಡಿ ಬಗ್ಗೆ ಆದ್ರೆ ಬರ್ತಾವೆ.” ನಾನು ಟೀಚರ್ ಅಲ್ಲ. ಮನೆಯಲ್ಲಿ ಎರಡು ಮಕ್ಕಳಿವೆ, ಅಡುಗೆ ಬರುತ್ತದೆ, ಕೈಯಲ್ಲಿ ಭಾನುವಾರ ಇತ್ತು. ಅಷ್ಟೇ ನನ್ನ ಅರ್ಹತೆ. ರೆಡ್ ಅಲರ್ಟ್ ಇದ್ದ ದಿನ ಯಾರೂ ಬರಬಾರದು ಅನ್ನುವುದು ಮೊದಲ ನಿಯಮ. ಮಳೆಗೆ ರಜೆ ಕೊಡುವುದೇ ಮಕ್ಕಳು ತೋಡು ಹೊಳೆ ದಾಟಿ ಓಡಾಡಬಾರದು ಅಂತ ತಾನೆ.

ಏನು ಮಾಡುವುದು ಅಂತ ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಹಾಳೆಗಳಿಗೇನೂ ಬರ ಇಲ್ಲ. ಪಿಜ್ಜಾಗೆ ಬಣ್ಣ ತುಂಬಿ. ಸ್ಟ್ರಾಬೆರಿ ಎಣಿಸಿ. ಒಳ್ಳೆಯ ಆಹಾರಕ್ಕೆ ಸರಿ ಗುರುತು, ಕೆಟ್ಟದ್ದಕ್ಕೆ ಇಂಟು. ಈ ಇಂಟು ಹಾಕುವ ಆಟ ನನಗೆ ಆಗಿ ಬರುವುದಿಲ್ಲ. ಯಾವುದಕ್ಕೆ ಇಂಟು ಹಾಕಿದರೆ ದೊಡ್ಡವರಿಗೆ ಖುಷಿ ಅಂತ ಮಕ್ಕಳಿಗೆ ಚೆನ್ನಾಗಿ ಗೊತ್ತು. ಸೊಪ್ಪಿಗೆ ಸರಿ ಗುರುತು ಹಾಕಿ, ಹೊರಗೆ ಹೋಗಿ ಐದು ರೂಪಾಯಿ ಚಿಪ್ಸ್ ಒಡೆಯುತ್ತವೆ.

ಬೇಳೆಕಾಳು ಅಂಟಿಸಿ ನವಿಲು, ಆನೆ ಮಾಡುವುದನ್ನೂ ಬೇಡ ಅಂದೆ. ಮೇಡಂಗೆ ಸ್ವಲ್ಪ ಬೇಜಾರಾಯಿತು, ಅದು ನೋಡಲು ಚಂದ ಅಂತ ಅವರಿಗೆ. ಆದರೆ ನಮ್ಮಲ್ಲಿ ಬರುವ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಎಸ್ಟೇಟ್ ಲೈನ್ ಮನೆಗಳವು, ಅಂದರೆ ತೋಟದ ಕೂಲಿಯವರ ಸಾಲುಮನೆಗಳವು. ಮಳೆಗಾಲದಲ್ಲಿ ಕೂಲಿ ದಿನ ಕಡಿಮೆ, ರೇಷನ್ ಅಕ್ಕಿಯನ್ನು ಅಳೆದು ಬೇಯಿಸುವ ಮನೆಗಳೂ ಇವೆ. ಆ ಮಕ್ಕಳ ಮುಂದೆ ತೊಗರಿಬೇಳೆಗೆ ಗೋಂದು ಹಚ್ಚಲು ನನಗೆ ಕೈ ಬರುವುದಿಲ್ಲ. ಸಿಪ್ಪೆ, ಬೀಜ, ಬಲಿತ ತರಕಾರಿ, ಮೊಟ್ಟೆ ಟ್ರೇ, ಹುಳ ಹಿಡಿದ ಕಾಳು ಇವು ಮಾತ್ರ ಕ್ರಾಫ್ಟಿಗೆ. ತಿನ್ನುವಂಥದ್ದನ್ನು ತಿನ್ನುವುದೇ.

ಮೊದಲ ದಿನ ಓದಲು ಪುಸ್ತಕವನ್ನೇ ಕೊಡಲಿಲ್ಲ. ಮನೆಯಿಂದ ಖಾಲಿ ಪ್ಯಾಕೆಟ್ ತನ್ನಿ ಅಂದಿದ್ದೆ. ಬಿಸ್ಕತ್ತು, ಉಪ್ಪು, ಚಹಾಪುಡಿ, ನಂದಿನಿ ಹಾಲು, ಸಾಂಬಾರ್ ಪುಡಿ, ಶಾಲೆಯಲ್ಲಿ ಮೊಟ್ಟೆ ಬೇಡ ಅಂದವರಿಗೆ ಕೊಡುತ್ತಿದ್ದ ಚಿಕ್ಕಿಯ ಕವರ್, ಎಲ್ಲ ಬಂತು. ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ಕೊಡುವ ಲೈಸೆನ್ಸ್ ನಂಬರಿಗೆ 14 ಅಂಕಿ ಇರುತ್ತವೆ. ಯಾರು ಮೊದಲು ಹುಡುಕಿ ತಪ್ಪಿಲ್ಲದೆ ಓದುತ್ತಾರೆ ಅನ್ನುವುದು ಮೊದಲ ಆಟ. ಆಮೇಲೆ ಸಸ್ಯಾಹಾರದ ಗುರುತಾದ ಹಸಿರು ಚೌಕದೊಳಗಿನ ಹಸಿರು ಚುಕ್ಕಿ, ಮಾಂಸಾಹಾರದ ಗುರುತಾದ ಕಂದು ಚೌಕದೊಳಗಿನ ಕಂದು ತ್ರಿಕೋನ. ಅದಾದ ಮೇಲೆ ಏನೇನು ಹಾಕಿದ್ದಾರೆ ಅನ್ನುವ ಪಟ್ಟಿ. ಯಾವುದು ತೂಕದಲ್ಲಿ ಜಾಸ್ತಿಯೋ ಅದನ್ನೇ ಮೊದಲು ಬರೆಯಬೇಕು ಅಂತ ನಿಯಮ ಇದೆ. ಇದನ್ನು ಹೇಳಿದ್ದೇ ತಡ, ಮಕ್ಕಳು ಪತ್ತೇದಾರರಾಗಿಬಿಟ್ಟರು. ಬಿಸ್ಕತ್ತಿನಲ್ಲಿ ಮೈದಾ ಆದ ಮೇಲೆ ಸಕ್ಕರೆ! ಜೂಸ್ ಅಂದುಕೊಂಡಿದ್ದರಲ್ಲಿ ನೀರು ಮೊದಲು, ಸಕ್ಕರೆ ಎರಡನೆಯದು, ಹಣ್ಣು ಎಲ್ಲೋ ಆಮೇಲೆ! “ಹಾಗಾದ್ರೆ ಇದು ಸಕ್ಕರೆ ನೀರು ಅಲ್ವಾ ಆಂಟಿ?” ಅಂತ ಒಬ್ಬ ಕೇಳಿದ. ನಾನು ಪಾಠ ಮಾಡಬೇಕಾಗಿ ಬರಲಿಲ್ಲ. ಒಂದೇ ಕಷ್ಟ, ತುಂಬಾ ಪ್ಯಾಕೆಟ್‌ಗಳ ಮೇಲೆ ಕನ್ನಡ ಇಲ್ಲ. ಆರು ಏಳನೇ ಕ್ಲಾಸಿನವರು ಇಂಗ್ಲಿಷ್ ಓದಿ ಹೇಳುತ್ತಿದ್ದರು, ಸಣ್ಣವರು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದರು.

ಎರಡನೇ ಭಾನುವಾರ ನಿಂಬೆ ಶರಬತ್ತು. ಮಳೆಗಾಲದಲ್ಲಿ ಶರಬತ್ತಾ ಅಂತ ಮೇಡಂ ನಕ್ಕರು. ಒಲೆ ಬೇಡ, ಚಾಕು ಒಂದೇ ಸಾಕು, ಅದಕ್ಕೇ ಅದು. ಮಕ್ಕಳು ಶರಬತ್ತು ಮಾಡುವ ವಿಧಾನ ಬರೆದು ಕೊಡಬೇಕು. ನಾನು ತಲೆ ಇಲ್ಲದ ಅಡುಗೆಯವಳು, ಬರೆದದ್ದನ್ನು ಮಾತ್ರ ಮಾಡುತ್ತೇನೆ, ಬರೆಯದೇ ಇದ್ದದ್ದನ್ನು ಮಾಡುವುದಿಲ್ಲ. ಮೊದಲ ಚೀಟಿ ಹೀಗಿತ್ತು: “ನಿಂಬೆಹಣ್ಣು ಹಾಕಿ. ಸಕ್ಕರೆ ಹಾಕಿ. ನೀರು ಹಾಕಿ. ಕುಡಿಯಿರಿ.” ನಾನು ಇಡೀ ನಿಂಬೆಹಣ್ಣನ್ನು ಪಾತ್ರೆಗೆ ಹಾಕಿದೆ. ಡಬ್ಬದಲ್ಲಿದ್ದ ಸಕ್ಕರೆಯನ್ನೆಲ್ಲ ಸುರಿಯಲು ಹೋದೆ. “ಅಯ್ಯೋ ಬೇಡ ಬೇಡ!” ಅಂತ ಮಕ್ಕಳು ಕೂಗಿದ ಶಬ್ದಕ್ಕೆ ಪಕ್ಕದ ಪಂಚಾಯಿತಿ ಆಫೀಸಿನವರು ಬಾಗಿಲಿಗೆ ಬಂದು ಇಣುಕಿದರು.

ಚೀಟಿ ವಾಪಸ್ ಹೋಯಿತು. ಎರಡನೇ ಸಲ “ನಿಂಬೆಹಣ್ಣನ್ನು ಕತ್ತರಿಸಿ, ಹಿಂಡಿ” ಅಂತ ಬಂತು. ನಾನು ಕತ್ತರಿಸಿ ನೆಲದ ಮೇಲೆ ಹಿಂಡಲು ಕೈ ಎತ್ತಿದೆ. ಮತ್ತೆ ಗಲಾಟೆ, ಮತ್ತೆ ತಿದ್ದಿದರು. ಕೊನೆಗೆ ಬಂದ ಚೀಟಿಯಲ್ಲಿ ಹಣ್ಣನ್ನು ಅಡ್ಡ ಎರಡು ಹೋಳು ಮಾಡುವುದು, ಬೀಜ ತೆಗೆಯುವುದು, ಪಾತ್ರೆಯ ಮೇಲೆ ಹಿಡಿದು ಹಿಂಡುವುದು, ಒಂದು ಲೋಟ ನೀರಿಗೆ ಮೂರು ಚಮಚ ಸಕ್ಕರೆ, ಚಿಟಿಕೆ ಉಪ್ಪು, ಸಕ್ಕರೆ ಕರಗುವ ತನಕ ಕಲಕುವುದು ಎಲ್ಲ ಇತ್ತು. ಶಾಲೆಯಲ್ಲಿ ಹತ್ತು ವಾಕ್ಯ ಬರಿ ಅಂದರೆ ಪೆನ್ಸಿಲ್ ಕಚ್ಚಿಕೊಂಡು ಕೂರುವ ಹುಡುಗ ಬರೆದ ಚೀಟಿ ಅದು. ಯಾರೂ ಅವನ ತಪ್ಪಿಗೆ ಕೆಂಪು ಗೆರೆ ಹಾಕಿರಲಿಲ್ಲ. ಶರಬತ್ತು ಸರಿಯಾಗಬೇಕಿತ್ತು, ಅಷ್ಟೇ.

ನನಗೆ ದಾರಿ ಸಿಕ್ಕಿದ್ದು ಅಲ್ಲಿಯೇ. ಕಥೆ ಓದಿ ಅರ್ಥವಾಯಿತಾ ಅಂತ ಕೇಳಿದರೆ ಮಕ್ಕಳು ಹೂಂ ಅನ್ನುತ್ತವೆ. ಅಡುಗೆ ವಿಧಾನ ಓದಿದರೆ ಹೂಂ ಅನ್ನುವ ಹಾಗಿಲ್ಲ, ತಟ್ಟೆಯಲ್ಲಿ ಗೊತ್ತಾಗಿಬಿಡುತ್ತದೆ. ಅವತ್ತಿನಿಂದ ನಮ್ಮ ಎಲ್ಲ ಭಾನುವಾರಗಳೂ ಒಂದೇ ಕೆಲಸದ ಸುತ್ತ ತಿರುಗಿದವು. ಮಕ್ಕಳೇ ಮನೆಮನೆಯಿಂದ ಕೇಳಿ ಬರೆದು ತರುವುದು, ಇಲ್ಲಿ ಇನ್ನೊಬ್ಬರು ಅದನ್ನು ಓದಿ ಮಾಡಿ ನೋಡುವುದು, ಸರಿಯಾದ ಮೇಲೆ ಪುಸ್ತಕಕ್ಕೆ ಸೇರಿಸುವುದು.

ಕಥೆ ಓದುವುದನ್ನು ಬಿಡಲಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ, ಪ್ರಿಂಟ್ ಹಾಕಿಕೊಳ್ಳಲೂ ಅಡ್ಡಿ ಇಲ್ಲ. ಓದುವ ಮಟ್ಟ 1ರಿಂದ 4 ಅಂತ ಹಾಕಿರುತ್ತಾರೆ. ಊಟ, ಸಂತೆ, ಹಣ್ಣು ಬರುವ ಕಥೆಗಳನ್ನು ಆರಿಸಿ ಮಡಿಕೇರಿಯಲ್ಲಿ ಪ್ರಿಂಟ್ ತೆಗೆಸಿದೆ. ಒಂದು ಕಥೆಯ ಹಾಳೆಗಳನ್ನು ಕಲಸಿ ಕೊಟ್ಟು ಸಾಲಾಗಿ ಜೋಡಿಸಲು ಹೇಳಿದರೆ ಸಣ್ಣವರಿಗೆ ಅರ್ಧ ಗಂಟೆಯ ಕೆಲಸ.

ಇನ್ನು ಕಡಂಬುಟ್ಟಿನ ವಿಷಯ. ಅಕ್ಕಿ ತರಿಯನ್ನು ಉಂಡೆ ಕಟ್ಟಿ ಆವಿಯಲ್ಲಿ ಬೇಯಿಸುವ ತಿಂಡಿ ಅದು. ನಮ್ಮಲ್ಲಿ ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬಕ್ಕೆ ಕಡಂಬುಟ್ಟು ಆಗಲೇಬೇಕು. ಪಕ್ಕದ ಮನೆಯ ಅಜ್ಜಿಯನ್ನು ಲೈಬ್ರರಿಗೆ ಕರೆದುಕೊಂಡು ಬಂದೆ. ಗ್ಯಾಸ್ ಒಲೆ, ಇಡ್ಲಿ ಪಾತ್ರೆ ನನ್ನದು. ಅಕ್ಕಿ ತರಿ ಅವರದ್ದು. ಮಕ್ಕಳು ನೋಟ್‌ಬುಕ್ ಹಿಡಿದು ಸುತ್ತ ಕೂತವು.

“ಅಜ್ಜಿ, ನೀರು ಎಷ್ಟು?”

“ಬೇಕಾಗುವಷ್ಟು.”

“ಅಂದ್ರೆ ಎಷ್ಟು ಅಜ್ಜಿ?”

“ಅರವತ್ತು ವರ್ಷದಿಂದ ಮಾಡ್ತಾ ಇದ್ದೇನೆ ಮಗಾ, ಯಾರೂ ಇಷ್ಟು ಕೇಳಿರ್ಲಿಲ್ಲ.”

ಅಜ್ಜಿ ಕಣ್ಣಂದಾಜಿನಲ್ಲಿ ಪಾತ್ರೆಗೆ ಸುರಿದ ನೀರನ್ನು ಒಬ್ಬಳು ಹುಡುಗಿ, ಒಲೆಗಿಡುವ ಮೊದಲೇ, ತಿರುಗಿ ಲೋಟಕ್ಕೆ ಬಗ್ಗಿಸಿ ಅಳೆದಳು. ತರಿಯನ್ನೂ ಅಳೆದಳು. ಒಂದು ಲೋಟ ತರಿಗೆ ಎರಡೂವರೆ ಲೋಟ ನೀರು. ಅಜ್ಜಿಗೆ ನಗು ತಡೆಯಲಾಗಲಿಲ್ಲ.

ನೀರು ಉಪ್ಪು ಹಾಕಿ ಕುದಿಯಬೇಕು. ತರಿಯನ್ನು ಒಂದು ಕೈಯಲ್ಲಿ ಉದುರಿಸುತ್ತಾ ಇನ್ನೊಂದು ಕೈಯಲ್ಲಿ ತಿರುಗಿಸುತ್ತಲೇ ಇರಬೇಕು, ಇಲ್ಲದಿದ್ದರೆ ಗಂಟು. ನೀರು ಇಂಗಿ ಮುದ್ದೆಯಾದ ಮೇಲೆ ಉರಿ ಆರಿಸಿ ಮುಚ್ಚಿಡಬೇಕು. ಕೈಗೆ ತಡೆಯುವಷ್ಟು ಬಿಸಿ ಇರುವಾಗಲೇ ಉಂಡೆ ಕಟ್ಟಬೇಕು. ಇದು ಮಕ್ಕಳ ಪಾಲಿನ ಕೆಲಸ. ಬಟ್ಟಲಲ್ಲಿ ತಣ್ಣೀರು, ಅಂಗೈ ಒದ್ದೆ, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಉಂಡೆ. ಒಂದು ಗೆರೆಯೂ ಇರಬಾರದು ಅಂತ ಅಜ್ಜಿ ಪ್ರತಿ ಉಂಡೆಯನ್ನೂ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಗೆರೆ ಇದ್ದದ್ದು ವಾಪಸ್. ಆಮೇಲೆ ಇಪ್ಪತ್ತು ನಿಮಿಷ ಆವಿ. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು.

ಮುಂದಿನ ವಾರ ಪರೀಕ್ಷೆ. ಅಜ್ಜಿ ಮೂಲೆಯಲ್ಲಿ ಕೂತು ಬಾಯಿ ಮುಚ್ಚಿಕೊಂಡಿರಬೇಕು, ಮಕ್ಕಳು ಬರೆದಿಟ್ಟದ್ದನ್ನು ಓದಿ ಇನ್ನೊಂದು ಗುಂಪು ಮಾಡಬೇಕು. ಒಲೆ ಹತ್ತಿರದ ಕೆಲಸ ಮಾತ್ರ ನನ್ನದು. ಒಂದು ಗುಂಪಿನ ಕಡಂಬುಟ್ಟು ನುಣ್ಣಗೆ ಬಂತು. ಇನ್ನೊಂದು ಗುಂಪಿನದು ಬೇಸಿಗೆಯ ಗದ್ದೆ ಹಾಗೆ ಬಿರುಕು ಬಿಟ್ಟಿತು. ಅಜ್ಜಿ ಹೇಳಬೇಕೆಂದು ಬಾಯಿ ತೆರೆದರು, ಮಕ್ಕಳು ಬಿಡಲಿಲ್ಲ. ಎರಡೂ ನೋಟ್‌ಬುಕ್ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಓದಿ ನೋಡಿದರು. ಬಿರುಕು ಬಿಟ್ಟವರ ಹಾಳೆಯಲ್ಲಿ “ಎರಡು ಲೋಟ ನೀರು” ಅಂತ ಇತ್ತು. ಬರೆದವಳು ಪೆನ್ಸಿಲ್ ತೆಗೆದುಕೊಂಡು “ಎರಡು” ಅಳಿಸಿ “ಎರಡೂವರೆ” ಮಾಡಿದಳು. ಒತ್ತಿ ಬರೆದದ್ದಕ್ಕೆ ಹಾಳೆ ತೂತಾಗಿದೆ. ಪುಸ್ತಕದಲ್ಲಿ ಈಗಲೂ ಹಾಗೇ ಇದೆ.

ಬಿರುಕು ಬಿಟ್ಟದ್ದೂ ಖಾಲಿಯಾಯಿತು ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ. ಜೊತೆಗೆ ಬೆಲ್ಲ, ಕಾಯಿತುರಿ, ತುಪ್ಪ.

ತಿನ್ನುವ ವಿಷಯದಲ್ಲಿ ಒಂದೆರಡು ಕಟ್ಟುನಿಟ್ಟು ಇಟ್ಟುಕೊಂಡಿದ್ದೆವು. ಯಾವ ಮಗುವಿಗೆ ಏನು ಆಗುವುದಿಲ್ಲ ಅಂತ ಮನೆಯವರನ್ನು ಮೊದಲೇ ಕೇಳಿ ಬರೆದುಕೊಂಡೆವು. ಶೇಂಗಾ ತರಲೇ ಇಲ್ಲ. ಕಾಡಿನ ಅಣಬೆ ಯಾರು ತಂದುಕೊಟ್ಟರೂ ಬೇಡ. ಕೆಸುವಿನ ಎಲೆ, ಗೆಡ್ಡೆ ಹಸಿಯಾಗಿ ಮಕ್ಕಳ ಕೈಗೆ ಬೇಡ, ತುರಿಕೆ. ಕಣಿಲೆಯನ್ನು, ಅಂದರೆ ಎಳೆ ಬಿದಿರನ್ನು, ಹಚ್ಚಿ ನೀರಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ, ಆಮೇಲೆ ಬೇಯಿಸಿದರೆ ಮಾತ್ರ ತಿನ್ನಬಹುದು. ಹಸಿಯದರಲ್ಲಿ ವಿಷದ ಅಂಶ ಇರುತ್ತದೆ. ಹಾಗಾಗಿ ಅದನ್ನು ಬರೆಸಿದೆವು, ಲೈಬ್ರರಿಯಲ್ಲಿ ಮಾಡಲಿಲ್ಲ.

ಆಟಕ್ಕೆ ಬರುತ್ತೇನೆ. ತುಳುನಾಡಿನಲ್ಲಿ ಆಟಿ ತಿಂಗಳಲ್ಲಿ, ಗುಳಿಗಳಿಗೆ ಬೀಜ ಹಾಕುತ್ತಾ ಆಡುವ ಚೆನ್ನೆಮಣೆ ಅಟ್ಟದಿಂದ ಇಳಿಯುತ್ತದೆ. ನಮ್ಮ ಕಕ್ಕಡವೂ ಅದೇ ಮಳೆ, ಅದೇ ತಿಂಗಳು. ಮರದ ಮಣೆ ಈಗ ಯಾರ ಮನೆಯಲ್ಲಿದೆ? ಶಾಲೆಗೆ ಮೊಟ್ಟೆ ಬರುತ್ತದೆ, ಟ್ರೇ ರಾಶಿ ಬಿದ್ದಿರುತ್ತದೆ. ಒಂದು ಟ್ರೇಯಲ್ಲಿ 5 ಸಾಲು, ಸಾಲಿಗೆ 6 ಗುಳಿ. ಎರಡು ಸಾಲು ಕತ್ತರಿಸಿ, ಇನ್ನೊಂದು ತುಂಡಿನಿಂದ ಎರಡು ಗುಳಿ ಸೇರಿಸಿ ಹೊಲಿದರೆ 14 ಗುಳಿಯ ಚೆನ್ನೆಮಣೆ ಸಿದ್ಧ. ಆಟ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ಕಡ್ಡಾಯ, ಮೊಟ್ಟೆಯ ಟ್ರೇ ಅಲ್ವಾ. ಗುಳಿಗೆ 4ರಂತೆ 56 ಬೀಜ ಬೇಕು. ಮಂಜೊಟ್ಟಿ ಅನ್ನುವ ಕೆಂಪು ಬೀಜದ ಬದಲು ಕಾಫಿ ಬೀಜ ಹಾಕಿದೆವು, ಸಿಪ್ಪೆ ತೆಗೆದು ಒಣಗಿಸಿದ್ದು.

ಕಾಫಿ ಬೀಜದಿಂದ ಒಂದು ಹೊಸ ತಕರಾರು ಹುಟ್ಟಿತು. ಸಾಮಾನ್ಯವಾಗಿ ಒಂದು ಹಣ್ಣಿನಲ್ಲಿ ಎರಡು ಬೀಜ, ಒಂದಕ್ಕೊಂದು ಬೆನ್ನು ಹೊರಗೆ ಮಾಡಿಕೊಂಡು ಇರುತ್ತವೆ. ಅದಕ್ಕೇ ಒಂದು ಕಡೆ ಚಪ್ಪಟೆ. ಕೆಲವು ಹಣ್ಣುಗಳಲ್ಲಿ ಒಂದೇ ಬೀಜ ಬೆಳೆದು ಗುಂಡಗಾಗುತ್ತದೆ, ಅದೇ ಪೀಬೆರಿ. ಚಪ್ಪಟೆ ಬೀಜ ಗುಳಿಯಲ್ಲಿ ಹಾಕಿದಲ್ಲೇ ಕೂರುತ್ತದೆ. ಪೀಬೆರಿ ಗುಳಿಯ ಅಂಚಿಗೆ ಬಿದ್ದರೆ ಉರುಳಿ ಪಕ್ಕದ ಗುಳಿಗೆ ಹೋಗುತ್ತದೆ. ಉರುಳಿದ ಬೀಜ ಯಾರದ್ದು? ಜಗಳ. ಲೈನ್ ಮನೆಯ ಒಬ್ಬ ಹುಡುಗ ಕೂತಲ್ಲೇ ರಾಶಿಗೆ ಕೈ ಹಾಕಿ, ಕಣ್ಣಲ್ಲಿ ನೋಡದೆ, ಬೆರಳಲ್ಲೇ ತಡವಿ ಪೀಬೆರಿಗಳನ್ನು ಒಂದೊಂದಾಗಿ ಹೊರಗೆ ಹಾಕಿಬಿಟ್ಟ. ಅವನ ಅಮ್ಮ ಕಾಫಿ ಆರಿಸುವ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿಯ ತನಕ ಅವನು ಓದುವ ಸರದಿ ಬಂದಾಗಲೆಲ್ಲ ನೀರು ಕುಡಿಯಲು ಎದ್ದು ಹೋಗುತ್ತಿದ್ದ. ಆಟದ ನಿಯಮಗಳನ್ನು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸುವ ಕೆಲಸ ಅವನಿಗೇ ಹೋಯಿತು. “ಪೀಬೆರಿ ಹಾಕಬಾರದು” ಅನ್ನುವುದು ಅವನ ಮೊದಲ ನಿಯಮ. ಸಣ್ಣವರು ಜಗಳ ಬಂದಾಗಲೆಲ್ಲ ಅವನನ್ನೇ ಕರೆದು ಓದಿಸುತ್ತಿದ್ದರು. ನಾಲ್ಕು ವರ್ಷದೊಳಗಿನ ತಮ್ಮ ತಂಗಿಯರನ್ನು ಕರೆದುಕೊಂಡು ಬಂದ ದಿನ ಮಾತ್ರ ಈ ಆಟ ಬಂದ್. ಬೀಜ ಮೂಗಿಗೆ ಹೋದರೆ ಆಸ್ಪತ್ರೆ ದೂರ.

ಮೂಸಿ ನೋಡುವ ಆಟವೂ ಚೆನ್ನಾಗಿ ನಡೆಯಿತು. ಸ್ಟೀಲ್ ಡಬ್ಬಿಗಳಿಗೆ ತೆಳು ಬಟ್ಟೆ ಕಟ್ಟಿ ಒಳಗೆ ಏಲಕ್ಕಿ, ಜಜ್ಜಿದ ಕರಿಮೆಣಸು, ಕಾಫಿಪುಡಿ, ಜೀರಿಗೆ, ಒಂದರಲ್ಲಿ ಕಾಚಂಪುಳಿ ಅನ್ನುವ ಕಪ್ಪು ಹುಳಿರಸದಲ್ಲಿ ಅದ್ದಿದ ಹತ್ತಿ. ಕಣ್ಣಿಗೆ ಬಟ್ಟೆ. ಮೂಸಿ, ಹೆಸರು ಬರೆಯಬೇಕು. ಏಲಕ್ಕಿ, ಕಾಫಿ ಎಲ್ಲರಿಗೂ ಬಂತು. ಕಾಚಂಪುಳಿ ಡಬ್ಬಿ ಮೂಗಿನ ಹತ್ತಿರ ಬಂದದ್ದೇ ಒಬ್ಬ “ಪಂದಿ ಕರಿ!” ಅಂತ ಕಿರುಚಿದ. ಹಂದಿಮಾಂಸದ ಆ ಅಡುಗೆಗೆ ಹಾಕುವ ಹುಳಿಯೇ ಇದು, ಅವನ ಮಟ್ಟಿಗೆ ಅದು ಸರಿಯುತ್ತರವೇ. ಹಣ್ಣಾದ ಪುಳಿಯ ರಸ ಇಳಿಸಿ, ಕಪ್ಪಗೆ ಗಟ್ಟಿಯಾಗುವ ತನಕ ಕುದಿಸಿ ಬಾಟಲಿಗೆ ತುಂಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ.

ಆದರೆ ಪಂದಿ ಕರಿ ಅಂದದ್ದೇ ಒಂದು ಮೂಲೆಯಿಂದ “ಛೀ” ಅಂತ ಕೇಳಿಸಿತು. ಇದು ಯಾವತ್ತಾದರೂ ಬರುತ್ತದೆ ಅಂತ ಗೊತ್ತಿತ್ತು. ನಮ್ಮ ಮಕ್ಕಳಲ್ಲಿ ಕೊಡವರು, ಅರೆಭಾಷೆ ಗೌಡರು, ಮಲಯಾಳ ಮಾತಾಡುವ ಮುಸ್ಲಿಮರು, ಯರವರು, ತಮಿಳರು, ಈಚೆಗೆ ಅಸ್ಸಾಂ ಕಡೆಯಿಂದ ತೋಟಕ್ಕೆ ಬಂದವರ ಮಕ್ಕಳು ಎಲ್ಲರೂ ಇದ್ದಾರೆ. ಒಬ್ಬರ ಹಬ್ಬದೂಟ ಇನ್ನೊಬ್ಬರಿಗೆ ಆಗದು. ಅವತ್ತು ಆಟ ನಿಲ್ಲಿಸಿ ಒಂದು ಮಾತು ಹೇಳಿದೆ. “ನಮ್ಮನೇಲಿ ತಿನ್ನಲ್ಲ” ಅನ್ನಬಹುದು, ಯಾರಿಗೆ ಬೇಕಾದರೂ. “ಛೀ” ಅನ್ನುವ ಹಾಗಿಲ್ಲ, ಯಾವುದಕ್ಕೂ. ಮಾಂಸದ ಅಡುಗೆ ಲೈಬ್ರರಿಯಲ್ಲಿ ಮಾಡುವುದಿಲ್ಲ, ಬರೆದು ತರಲು ಅಡ್ಡಿ ಇಲ್ಲ. ಮುಂದಿನ ವಾರ ಪಂದಿ ಕರಿಯ ಹಾಳೆ, ಅಕ್ಕಿ ರೊಟ್ಟಿಯಂಥ ಪತ್ತಿರಿಯ ಹಾಳೆ, ಮರಗೆಣಸು ಮೀನಿನ ಹಾಳೆ, ಅಕ್ಕಿಯ ಪಿಠಾದ ಹಾಳೆ ನಾಲ್ಕೂ ಬಂದವು. ಒಂದು ಮನೆಯವರು ಮಾತ್ರ ಮಗುವನ್ನು ಕಳಿಸುವುದು ನಿಲ್ಲಿಸಿದರು. ಹೋಗಿ ಮಾತಾಡಿದೆ, ಆಗಲಿಲ್ಲ.

ಕ್ರಾಫ್ಟ್ ಬಗ್ಗೆ ಹೇಳುವುದಾದರೆ, ಮಳೆಗಾಲದಲ್ಲಿ ಬಣ್ಣ ಬಳಿಯುವುದು ಸುಲಭ, ಒಣಗಿಸುವುದು ಕಷ್ಟ. ಮಡಿಕೇರಿಯ ಶುಕ್ರವಾರದ ಸಂತೆ ಮುಗಿಯುವ ಹೊತ್ತಿಗೆ ಹೋದರೆ ಬಲಿತ ಬೆಂಡೆಕಾಯಿ, ಒಣಗಿದ ಹಾಗಲಕಾಯಿ ಸುಮ್ನೆ ಕೊಡುತ್ತಾರೆ. ಅಡ್ಡ ಕೊಯ್ದ ಬೆಂಡೆಕಾಯಿ ಅದ್ದಿ ಒತ್ತಿದರೆ ನಕ್ಷತ್ರ. ಹಾಗಲಕಾಯಿಗೆ ಹಲ್ಲುಹಲ್ಲಿನ ಚಕ್ರ. ಬಾಳೆದಿಂಡಿನ ಹೋಳಿಗೆ ಒಳಗೊಳಗೆ ಬಳೆ. ಬಣ್ಣಕ್ಕೆ ಅರಿಶಿನ, ಬೀಟ್‌ರೂಟ್ ಸಿಪ್ಪೆ ಬೇಯಿಸಿದ ನೀರು, ಗಟ್ಟಿ ಮತ್ತು ತೆಳು ಕಾಫಿ ಡಿಕಾಕ್ಷನ್. ಲೈಬ್ರರಿಯಲ್ಲಿ ದಾರ ಕಟ್ಟಿ ತೂಗು ಹಾಕಿದ ಹಾಳೆಗಳು ಮುಂದಿನ ಭಾನುವಾರಕ್ಕೂ ತೇವ ತೇವ. ಬೀಟ್‌ರೂಟ್ ಹಾಳೆಗಳಿಗೆ ಬೂಷ್ಟು ಬಂತು, ಬಂದಿರದವು ಕಂದಾದವು. ಅರಿಶಿನ ಮತ್ತು ಕಾಫಿ ನಿಂತವು. ಆಮೇಲೆ ಮಕ್ಕಳು ಹಾಳೆಯನ್ನು ಮನೆಗೆ ಒಯ್ದು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ಒಣಗಿಸಿ ತರಲು ಶುರು ಮಾಡಿದರು. ನಮ್ಮ ಪುಸ್ತಕಕ್ಕೆ ಹೊಗೆಯ ವಾಸನೆ ಇರುವುದು ಅದಕ್ಕೇ.

ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಅರಿಶಿನದ ಗುಟ್ಟಿನ ಚೀಟಿ. ಬಟ್ಟೆ ಸೋಪು ಕರಗಿಸಿದ ನೀರನ್ನು ಕಡ್ಡಿಯಲ್ಲಿ ಅದ್ದಿ ಬಿಳಿ ಹಾಳೆಯ ಮೇಲೆ ಒಂದು ತಿಂಡಿಯ ಹೆಸರು ಬರೆಯುವುದು. ಒಣಗಿದರೆ ಏನೂ ಕಾಣುವುದಿಲ್ಲ. ಚೀಟಿಯನ್ನು ಇನ್ನೊಬ್ಬರಿಗೆ ಕೊಡುವುದು. ಅವರು ಅರಿಶಿನದ ನೀರನ್ನು ಬ್ರಷ್‌ನಲ್ಲಿ ಹಚ್ಚಿದರೆ ಹಾಳೆ ಹಳದಿ, ಅಕ್ಷರ ಮಾತ್ರ ಕೆಂಪು. ಅರಿಶಿನ ಕ್ಷಾರ ತಾಗಿದರೆ ಕೆಂಪಾಗುತ್ತದೆ, ಬಟ್ಟೆಯ ಅರಿಶಿನದ ಕಲೆಗೆ ಸೋಪು ಹಚ್ಚಿದಾಗ ಆಗುವುದೂ ಅದೇ. ಮೇಲೆ ನಿಂಬೆರಸ ಹಾಕಿದರೆ ಅಕ್ಷರ ಮತ್ತೆ ಹಳದಿಗೆ ತಿರುಗಿ ಮಾಯ. ಎಲೆಯಡಿಕೆ ಸುಣ್ಣದಲ್ಲಿ ಬರೆದರೆ ಇನ್ನೂ ಗಾಢವಾಗಿ ಬರುತ್ತದೆ, ಆದರೆ ಕಣ್ಣಿಗೆ ಬಿದ್ದರೆ ಅಪಾಯ ಅಂತ ಸುಣ್ಣ ಮುಟ್ಟಿಸಲಿಲ್ಲ. ಓದಲು ತಿಣುಕಾಡುವ ಮಕ್ಕಳೂ ಈ ಚೀಟಿಯನ್ನು ಬಿಡಲಿಲ್ಲ. ನೂ… ಪು… ಅಂತ ಒಂದೊಂದೇ ಅಕ್ಷರ ಮೂಡುವಾಗ ಮುಂದೇನು ಅಂತ ಊಹಿಸುತ್ತಾ ಓದುವುದು ಇದೆಯಲ್ಲ, ಅದು ಕಥೆಪುಸ್ತಕದಲ್ಲಿ ನನಗೆ ಮಾಡಿಸಲು ಬಂದಿರಲಿಲ್ಲ.

ಆಗಸ್ಟ್ 3ರ ಹೊತ್ತಿಗೆ ಕಕ್ಕಡ 18. ಮದ್ದು ಸೊಪ್ಪಿನ ದಿನ. ತೋಟದ ಅಂಚಿನಲ್ಲಿ, ಬೇಲಿಯಲ್ಲಿ ಬೆಳೆಯುವ ಗಿಡ ಅದು, ಸಸ್ಯಶಾಸ್ತ್ರದಲ್ಲಿ ಜಸ್ಟಿಶಿಯಾ ವೈನಾಡೆನ್ಸಿಸ್ ಅನ್ನುತ್ತಾರೆ. ಅವತ್ತಿಗೆ ಅದರಲ್ಲಿ 18 ಬಗೆಯ ಮದ್ದು ಸೇರಿರುತ್ತದೆ ಅನ್ನುವುದು ನಂಬಿಕೆ. ಎಲೆ, ದಂಟು ಬೇಯಿಸಿದರೆ ನೀರು ಗಾಢ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಆ ನೀರಲ್ಲಿ ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ, ಇಲ್ಲವೇ ತರಿ ಹಾಕಿ ಮದ್ದು ಪುಟ್ಟು ಮಾಡಿ ಜೇನು, ತುಪ್ಪದ ಜೊತೆ ತಿನ್ನುವುದು.

ಮನೆಯವರ ಒಪ್ಪಿಗೆ ಕೇಳಿ, ಬೇಕಾದವರಿಗೆ ಒಂದೊಂದು ಬಟ್ಟಲು ಪಾಯಸ ಕೊಟ್ಟೆವು. ಉಳಿದ ಕಷಾಯವೇ ಶಾಯಿ. ಕಾಫಿ ಗಿಡದ ಕಡ್ಡಿಯ ತುದಿ ಓರೆಯಾಗಿ ಕೆತ್ತಿ ಕೊಟ್ಟೆ, ಪುಸ್ತಕದ ತಲೆಬರಹಗಳೆಲ್ಲ ಅದರಲ್ಲೇ ಬರೆದದ್ದು. ಪಾಯಸ ತಿಂದವರಿಗೆ ಮೂತ್ರ ಕೆಂಪಗೆ ಹೋಗುತ್ತದೆ, ಹೆದರಬೇಡಿ ಅಂತ ಎಲ್ಲರಿಗೂ ಮೊದಲೇ ಹೇಳಿದ್ದೆ. ಗೊತ್ತಿದ್ದ ಮಕ್ಕಳು ಮುಸಿಮುಸಿ ನಕ್ಕವು. ಅಸ್ಸಾಂ ಕಡೆಯ ಹುಡುಗಿ ನಂಬಲೇ ಇಲ್ಲ. ಮರುದಿನ ಶಾಲೆಗೆ ಹೋಗುವ ದಾರಿಯಲ್ಲಿ ನಮ್ಮ ಗೇಟಿನ ಹತ್ತಿರ ನಿಂತು, ಕೊಡೆಯಡಿಯಿಂದಲೇ “ಆಂಟಿ, ಆಯ್ತು! ನಿಜ!” ಅಂತ ಕೂಗಿ ಓಡಿದಳು. ಆ ಪುಟದ ಕೊನೆಯ ಸಾಲನ್ನು ಅವಳ ಕೈಯಲ್ಲೇ ಬರೆಸಿದೆ: “ನಾಳೆ ಕೆಂಪು ಬರುತ್ತದೆ. ಭಯ ಬೇಡ.”

ಪುಸ್ತಕ ಹೊಲಿದದ್ದು ಸೂಜಿ ದಾರದಲ್ಲಿ. ರಟ್ಟಿಗೆ ಬೆಂಡೆಕಾಯಿ ಅಚ್ಚು. ಒಟ್ಟು ಖರ್ಚು, ಹಾಳೆ, ಪ್ರಿಂಟು, ದಾರ, ಸಕ್ಕರೆ ಎಲ್ಲ ಸೇರಿ, ಒಂದು ಮನೆಯ ವಾರದ ತರಕಾರಿ ದುಡ್ಡಿಗಿಂತ ಜಾಸ್ತಿ ಆಗಿಲ್ಲ. ಇದನ್ನು ಮಾಡಬೇಕೆಂದು ಯೋಚಿಸುವವರಿಗೆ ಹೇಳುವುದು ಒಂದೇ. ದುಡ್ಡಲ್ಲ, ಎರಡನೇ ದೊಡ್ಡವರು ಬೇಕು. ಒಬ್ಬರು ಒಲೆ ಹತ್ತಿರ, ಇನ್ನೊಬ್ಬರು ಮಕ್ಕಳ ಹತ್ತಿರ. ಒಬ್ಬರೇ ಇದ್ದರೆ ಒಲೆ ಹಚ್ಚುವ ದಿನ ಬಿಟ್ಟು ಬೇರೆ ಎಲ್ಲ ಮಾಡಿ.

ಕಪಾಟಿನ ಉಳಿದ ಪುಸ್ತಕಗಳು ಎಲ್ಲ ಹೊರಗೆ ಹೋಗಲು ಶುರುವಾದವಾ ಅಂತ ಕೇಳಿದರೆ, ಇಲ್ಲ. ಅಡುಗೆ, ಗಿಡ, ಪ್ರಾಣಿ, ‘ಮಾಡಿ ನೋಡಿ’ ತರಹದ ಪುಸ್ತಕಗಳು ಹೋಗುತ್ತಿವೆ. ಮಿಕ್ಕವು ಇದ್ದಲ್ಲೇ ಇವೆ. ನಮ್ಮ ಅಡುಗೆ ಪುಸ್ತಕವನ್ನು ಮಾತ್ರ ಮನೆಗೆ ಕೊಡುವುದಿಲ್ಲ, ಅಲ್ಲೇ ಕೂತು ಬರೆದುಕೊಳ್ಳಬೇಕು.

ಕೊನೆಯ ಹಾಳೆಗೆ ದೊಡ್ಡ ಚರ್ಚೆಯಾಯಿತು. ಆರನೇ ಕ್ಲಾಸಿನ ಒಬ್ಬ ಎರಡು ನಿಮಿಷದ ನೂಡಲ್ಸ್ ಬರೆದು ತಂದಿದ್ದ. ಅದು ಅಡುಗೆಯೇ ಅಲ್ಲ ಅಂತ ಅಜ್ಜಿ. ಪ್ಯಾಕೆಟ್ ನೋಡಿ ಬರೆದದ್ದು, ಮನೆಯಲ್ಲಿ ಕೇಳಿದ್ದಲ್ಲ ಅಂತ ಹುಡುಗಿಯರು. “ನಮ್ಮನೇಲಿ ದಿನಾ ಮಾಡೋದು ಇದನ್ನೇ, ನಾನೇ ಮಾಡೋದು” ಅಂತ ಅವನು. ಹಾಗಾದರೆ ನಿಯಮದ ಪ್ರಕಾರ ಮಾಡಿ ನೋಡಿ ಬರೆ ಅಂದೆ. ಮುಂದಿನ ಭಾನುವಾರ ತಿದ್ದಿದ ಹಾಳೆ ಬಂತು. ಸೌದೆ ಒದ್ದೆ ಇದ್ದರೆ ಒಲೆ ಹತ್ತಲು ಹತ್ತು ನಿಮಿಷ, ನೀರು ಕುದಿಯಲು ಎಂಟು, ನೂಡಲ್ಸ್ ಬೇಯಲು ನಾಲ್ಕು, ತಮ್ಮನಿಂದ ಕಾಪಾಡಿಕೊಂಡು ತಟ್ಟೆಗೆ ಹಾಕಲು ಎರಡು. ಎಲ್ಲ ಕೂಡಿಸಿ ಕೆಳಗೆ ಬರೆದಿದ್ದ: “ಪ್ಯಾಕೆಟ್‌ನಲ್ಲಿ 2 ನಿಮಿಷ ಅಂತ ಇದೆ. ನಮ್ಮನೇಲಿ 24.” ಅಜ್ಜಿಯೇ ಮೊದಲು ಕೈ ಎತ್ತಿದರು, ಸೇರಿಸಿ ಅಂತ.